ಕಿವಿಗೆ ಹೂವಿಡುವ ಕತ್ತಿಗಳು

ನಿಮ್ಮ ಮುಂದಿನ ಮೇಜಿನ ಮೇಲೆ ಎರಡು ಕತ್ತಿಗಳಿವೆ ಎಂದುಕೊಳ್ಳಿ. ಎರಡೂ ಎರಡನೇ ಮಹಾಯುದ್ಧ ಕಾಲದ ಜಪಾನಿ ಸೈನ್ಯದ ಕತ್ತಿಗಳು ಎಂದು ಮಾರುವವರು ಹೇಳುತ್ತಿದ್ದಾರೆ. ಮೊದಲನೆಯದರ ಹಿತ್ತಾಳೆ ಚಿನ್ನದ ಹಾಗೆ ಹೊಳೆಯುತ್ತಿದೆ. ಅಲಗಿನ ಮೇಲೆ ಉದ್ದಕ್ಕೂ ಡ್ರ್ಯಾಗನ್ ಕೆತ್ತನೆ, ಅದರ ಪಕ್ಕದಲ್ಲಿ ಒಂದು ಸಾಲು ಜಪಾನಿ ಅಕ್ಷರ. ಹಿಡಿಯಿಂದ ಒಂದು ಕುಚ್ಚು ಬೇರೆ ತೂಗಾಡುತ್ತಿದೆ. ಎರಡನೆಯದು ಮಂಕಾಗಿದೆ. ಹಿಡಿ ಬರೀ ಅಲ್ಯೂಮಿನಿಯಂ ಎರಕ. ಅದರ ಮೇಲೆ ಬಳಿದ ಕಂದು ಬಣ್ಣ ಅಲ್ಲಲ್ಲಿ ಎದ್ದುಹೋಗಿದೆ. ಅಲಗಿನ ಮೇಲೆ ಕೆತ್ತನೆ ಇಲ್ಲ, ಹಿಡಿಯ ಹತ್ತಿರ ಒತ್ತಿದ ಕೆಲವು ಅಂಕಿಗಳಷ್ಟೇ. ಒಂದನ್ನು ಆರಿಸಿ ಎಂದರೆ ನಮ್ಮ ಕನ್ನಡ ಶಾಲೆಯ ಹುಡುಗರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಡ್ರ್ಯಾಗನ್ ಕತ್ತಿಗೇ ಕೈ ಹಾಕುತ್ತಾರೆ. ಆದರೆ ಅಸಲಿ ಆಗಿರುವ ಸಾಧ್ಯತೆ ಹೆಚ್ಚು ಇರುವುದು ಆ ಮಂಕು ಕತ್ತಿಗೆ.

ನನಗೆ ಇದರ ಹುಚ್ಚು ಹಿಡಿದು ಎರಡು ವರ್ಷವಾಯಿತು. ಅಮ್ಮ ಇದನ್ನು ನಿಜವಾಗಿಯೂ ಹುಚ್ಚು ಎಂದೇ ಕರೆಯುತ್ತಾರೆ. ಕತ್ತಿ ಕೊಳ್ಳುವ ವಯಸ್ಸು ನನ್ನದಲ್ಲ, ಈ ದೇಶದಲ್ಲಿ ಅದಕ್ಕೆ 18 ತುಂಬಿರಬೇಕು. ಹಾಗಾಗಿ ನಾನು ನೋಡುವವರ ಪೈಕಿ. ಕಾರ್ ಬೂಟ್ ಸೇಲ್, ಹಳೆ ಸಾಮಾನಿನ ಅಂಗಡಿ, ಸೈನಿಕ ವಸ್ತುಗಳ ಮೇಳ, ಹರಾಜಿನ ಪಟ್ಟಿ, ಎಲ್ಲ ಕಡೆಯೂ ಈ ಕತ್ತಿಗಳು ಸಿಗುತ್ತವೆ. ಅಲ್ಲಿ ಸಿಗುವ ನಕಲಿಗಳ ಸಂಖ್ಯೆ ನೋಡಿದರೆ, ಜಪಾನಿನ ಸೈನ್ಯ ಯುದ್ಧ ಮುಗಿದ ಮೇಲೂ ಕತ್ತಿ ಮಾಡುವುದನ್ನು ನಿಲ್ಲಿಸಲೇ ಇಲ್ಲವೇನೋ ಅನ್ನಿಸುತ್ತದೆ!

ಇಂಗ್ಲೆಂಡಿಗೆ ಈ ಕತ್ತಿಗಳು ಬಂದದ್ದು ಹೇಗೆ?

ಇದರ ಉತ್ತರದಲ್ಲಿ ನಮ್ಮವರೂ ಇದ್ದಾರೆ. ಬರ್ಮಾದಲ್ಲಿ ಜಪಾನಿಗಳ ವಿರುದ್ಧ ಹೋರಾಡಿದ ಹದಿನಾಲ್ಕನೇ ಸೇನೆಯಲ್ಲಿ ಬಹುಪಾಲು ಸೈನಿಕರು ಭಾರತೀಯರು. ಅದರ ದಂಡನಾಯಕ ಜನರಲ್ ವಿಲಿಯಂ ಸ್ಲಿಮ್. 1945ರಲ್ಲಿ ಜಪಾನ್ ಶರಣಾದಾಗ, ಕತ್ತಿ ಒಪ್ಪಿಸುವ ಹಳೆಯ ಕಾಲದ ಶಾಸ್ತ್ರ ಬೇಡ ಎಂಬುದು ಅಮೆರಿಕದ ಜನರಲ್ ಮೆಕಾರ್ಥರ್ ಅವರ ಅಭಿಪ್ರಾಯವಾಗಿತ್ತು. ಸ್ಲಿಮ್ ಅದನ್ನು ಒಪ್ಪಲಿಲ್ಲ. ಜಪಾನಿ ಅಧಿಕಾರಿ ತನ್ನ ಕತ್ತಿಯನ್ನು ತನ್ನ ಸೈನಿಕರ ಎದುರಿನಲ್ಲೇ ಒಪ್ಪಿಸಬೇಕು, ಆಗಲೇ ಸೋಲು ಸೋಲೆಂದು ಅವರ ಮನಸ್ಸಿಗೆ ಹೋಗುವುದು ಎಂದು ಹಟ ಹಿಡಿದರು. ಹಾಗೆ ಆಗ್ನೇಯ ಏಷ್ಯಾದ ಉದ್ದಕ್ಕೂ ಕತ್ತಿಗಳ ರಾಶಿಯೇ ಬಿತ್ತು. ಜನರಲ್ ಕಿಮುರಾ ಅವರ ಕತ್ತಿ ಸ್ಲಿಮ್ ಅವರ ಮನೆಯ ಬೆಂಕಿಗೂಡಿನ ಮೇಲೆ ಬಂದು ಕೂತಿತು. ಉಳಿದವು ಸಾವಿರಾರು ಸಾಮಾನ್ಯ ಅಧಿಕಾರಿಗಳ, ಸೈನಿಕರ ಪೆಟ್ಟಿಗೆಗಳಲ್ಲಿ ಹಡಗು ಹತ್ತಿದವು.

1945ರ ಸೆಪ್ಟೆಂಬರ್ 12ರಂದು ಸಿಂಗಪುರದ ಮುನಿಸಿಪಲ್ ಕಟ್ಟಡದಲ್ಲಿ ಶರಣಾಗತಿಗೆ ಸಹಿ ಬಿದ್ದಾಗ ಭಾರತದ ಪರವಾಗಿ ಹಾಜರಿದ್ದವರು ಯಾರು ಗೊತ್ತೇ? ಬ್ರಿಗೇಡಿಯರ್ ಕೆ. ಎಸ್. ತಿಮ್ಮಯ್ಯ. ಮಡಿಕೇರಿಯಲ್ಲಿ ಹುಟ್ಟಿದ, ಮುಂದೆ ಭಾರತದ ಸೇನಾ ಮುಖ್ಯಸ್ಥರಾದ ನಮ್ಮ ಜನರಲ್ ತಿಮ್ಮಯ್ಯನವರೇ. ಜಪಾನಿ ದಳಗಳ ಮುಖ್ಯಸ್ಥ ತೆರೌಚಿ ಅಂದು ಕಾಯಿಲೆಯಿಂದ ಬರಲಿಲ್ಲ. ಅವರ ಬದಲು ಇತಗಾಕಿ ಎಂಬ ಜನರಲ್ ಸಹಿ ಹಾಕಿದರು. ತೆರೌಚಿ ತಮ್ಮ ಎರಡು ಕತ್ತಿಗಳನ್ನು ಆ ವರ್ಷದ ನವೆಂಬರ್ ಕೊನೆಗೆ ಸೈಗಾನ್‌ನಲ್ಲಿ ಮೌಂಟ್‌ಬ್ಯಾಟನ್ ಅವರಿಗೆ ಒಪ್ಪಿಸಿದರು. ರಜೆಯಲ್ಲಿ ಊರಿಗೆ ಹೋದಾಗ ಮಡಿಕೇರಿಯಲ್ಲಿರುವ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ಗೆ ಹೋಗಿ ಬನ್ನಿ, ಈಗ ಅದು ಮ್ಯೂಸಿಯಂ.

ಆದ್ದರಿಂದ ಇಲ್ಲಿನ ಹಳೆಯ ಮನೆಗಳ ಅಟ್ಟದಲ್ಲಿ ಜಪಾನಿ ಕತ್ತಿ ಸಿಗುವುದು ಸುಳ್ಳಲ್ಲ. ನಿಜವಾಗಿಯೂ ಸಿಗುತ್ತದೆ. ನಕಲಿ ಮಾರುವವರಿಗೆ ಅನುಕೂಲವಾಗಿರುವುದೂ ಅದೇ. ‘ನಮ್ಮ ತಾತ ಬರ್ಮಾದಿಂದ ತಂದದ್ದು’ ಎಂದರೆ ಯಾರೂ ಅನುಮಾನ ಪಡುವುದಿಲ್ಲ.

ದುಡ್ಡು ಹೋಗುವುದಷ್ಟೇ ಅಲ್ಲ

ಅಪ್ಪ ಅಮ್ಮಂದಿರು ಈ ಭಾಗವನ್ನು ದಯವಿಟ್ಟು ಬಿಡಬೇಡಿ. 2008ರ ಏಪ್ರಿಲ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 50 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ಬಾಗಿದ ಅಲಗಿನ ಕತ್ತಿಯನ್ನು ಮಾರುವುದು, ಹೊರದೇಶದಿಂದ ತರಿಸುವುದು ಅಪರಾಧ. 2021ರಿಂದ ಅಂಥದ್ದನ್ನು ಮನೆಯೊಳಗೆ ಇಟ್ಟುಕೊಳ್ಳುವುದೂ ಅಪರಾಧ. ಆದರೆ ಕೆಲವು ವಿನಾಯಿತಿಗಳಿವೆ. 1954ಕ್ಕಿಂತ ಮೊದಲು ತಯಾರಾದ ಕತ್ತಿಗೆ, ಮತ್ತು ಸಾಂಪ್ರದಾಯಿಕ ವಿಧಾನದಲ್ಲಿ ಕೈಯಿಂದ ಮಾಡಿದ ಕತ್ತಿಗೆ ವಿನಾಯಿತಿ ಇದೆ. ಈಗ ಯೋಚಿಸಿ. 1940ರ ದಶಕದ ಅಸಲಿ ಕತ್ತಿಯನ್ನು ಗೋಡೆಗೆ ತೂಗುಹಾಕಿದರೆ ಅದು ಸಂಗ್ರಹ. ಅದರಂತೆಯೇ ಕಾಣುವ, ಕಳೆದ ವರ್ಷ ಯಾವುದೋ ಕಾರ್ಖಾನೆಯಲ್ಲಿ ಯಂತ್ರದಿಂದ ಬಂದ ನಕಲಿಯನ್ನು ಅದೇ ಗೋಡೆಗೆ ತೂಗುಹಾಕಿದರೆ ಪೊಲೀಸರು ಬಾಗಿಲು ತಟ್ಟಬಹುದು. ನಕಲಿ ಕತ್ತಿ ಕೊಂಡವರಿಗೆ ದುಡ್ಡೂ ಹೋಯಿತು, ನೆಮ್ಮದಿಯೂ ಹೋಯಿತು. ‘ನನಗೆ ಹಳೆಯದೆಂದು ಹೇಳಿ ಮಾರಿದರು’ ಎನ್ನುವ ಮಾತನ್ನು ಅಲ್ಲಿ ನಿಂತು ಸಾಬೀತು ಮಾಡುವುದು ಸುಲಭವಲ್ಲ. ಹಳೆಯದನ್ನು ಗುರುತಿಸಲು ಬರುವುದು ಇಲ್ಲಿ ಬರೀ ಹವ್ಯಾಸದ ಮಾತಲ್ಲ ಎಂದು ನಾನು ಹೇಳುವುದು ಇದಕ್ಕೇ.

ಅಸಲಿ ಎಂದರೆ ಏನು?

ನಕಲಿ ಹಿಡಿಯಬೇಕಾದರೆ ಮೊದಲು ಅಸಲಿ ಗೊತ್ತಿರಬೇಕು. ರೇಷ್ಮೆ ಸೀರೆಯ ಅಂಗಡಿಯಲ್ಲಿ ಅಜ್ಜಿ ಜರಿಯನ್ನು ಉಗುರಿನಿಂದ ಸ್ವಲ್ಪ ಗೀರಿ ನೋಡಿ ಮುಖ ಸಿಂಡರಿಸುತ್ತಾರಲ್ಲ, ಅದು ಸಾವಿರ ಅಸಲಿ ಜರಿ ನೋಡಿದ ಅನುಭವ.

ಜಪಾನಿನಲ್ಲಿ 1876ರಲ್ಲಿ ಸಾಮಾನ್ಯ ಜನ, ಸಮುರಾಯ್‌ಗಳೂ ಸೇರಿ, ಕತ್ತಿ ಧರಿಸುವುದನ್ನು ನಿಷೇಧಿಸಲಾಯಿತು. ಸೈನ್ಯ ಮತ್ತು ಪೊಲೀಸರಿಗೆ ಮಾತ್ರ ಅವಕಾಶ. ಆ ಕಾಲದ ಸೈನ್ಯದ ಕತ್ತಿಗಳು ಯುರೋಪಿನ ಮಾದರಿಯವು, ಬೆರಳುಗಳನ್ನು ಕಾಯಲು ಹಿಡಿಗೆ ಲೋಹದ ಬಿಲ್ಲು ಇರುತ್ತಿತ್ತು. 1930ರ ದಶಕದಲ್ಲಿ ದೇಶಾಭಿಮಾನದ ಅಲೆ ಎದ್ದಾಗ ಹಳೆಯ ಜಪಾನಿ ರೂಪ ವಾಪಸು ಬಂತು. 1934ರಲ್ಲಿ ಭೂಸೇನೆಯ ಅಧಿಕಾರಿಗಳಿಗೆ 94ನೇ ಮಾದರಿ, 1935ರಲ್ಲಿ ಅಧಿಕಾರಿಗಳಲ್ಲದ ಸಾರ್ಜೆಂಟ್ ದರ್ಜೆಯವರಿಗೆ 95ನೇ ಮಾದರಿ, 1938ರಲ್ಲಿ ಮತ್ತೆ ಅಧಿಕಾರಿಗಳಿಗೆ 98ನೇ ಮಾದರಿ. ನೌಕಾಸೇನೆಯದು ಬೇರೆಯೇ ಒಂದು ಮಾದರಿ, ಕಪ್ಪು ಒರೆಯದು. ಈ 94, 95, 98 ಎಲ್ಲಿಂದ ಬಂದವು ಎಂದು ನಾನೂ ತಲೆ ಕೆರೆದುಕೊಂಡಿದ್ದೆ. ಜಪಾನಿನ ಸಾಮ್ರಾಜ್ಯದ ವರ್ಷ ನಮ್ಮ ಇಸವಿಗಿಂತ 660 ಹೆಚ್ಚು. 1934ಕ್ಕೆ 660 ಕೂಡಿಸಿದರೆ 2594. ಕೊನೆಯ ಎರಡು ಅಂಕಿ 94. ಮಿಕ್ಕವನ್ನು ನೀವೇ ಕೂಡಿಸಿ ನೋಡಿ.

ಅಧಿಕಾರಿಗಳ ಕತ್ತಿಗೂ ಸಾರ್ಜೆಂಟರ ಕತ್ತಿಗೂ ದೊಡ್ಡ ವ್ಯತ್ಯಾಸವಿದೆ. ಅಧಿಕಾರಿ ತನ್ನ ಕತ್ತಿಯನ್ನು ತಾನೇ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಬೇಕಾದರೆ ಮನೆಯಲ್ಲಿದ್ದ ಮುತ್ತಜ್ಜನ ಕಾಲದ ಅಲಗಿಗೆ ಸೈನ್ಯದ ಹಿಡಿ, ಒರೆ ಹಾಕಿಸಿಕೊಂಡೂ ಹೋಗಬಹುದಿತ್ತು. ಅಂದರೆ ಹೊರಗಿನಿಂದ ಒಂದೇ ತರಹ ಕಾಣುವ ಎರಡು ಕತ್ತಿಗಳಲ್ಲಿ ಒಂದರ ಅಲಗು 1942ರದ್ದು, ಇನ್ನೊಂದರದ್ದು 400 ವರ್ಷ ಹಳೆಯದು ಇರಬಹುದು. ಸಾರ್ಜೆಂಟರ 95ನೇ ಮಾದರಿಯನ್ನು ಮಾತ್ರ ಸೈನ್ಯವೇ ಕೊಡುತ್ತಿತ್ತು. ಅದು ಪೂರ್ತಿ ಯಂತ್ರದ ಕೆಲಸ. ಬಟ್ಟೆ ಸುತ್ತಿದ ಹಿಡಿಯಂತೆ ಕಾಣಲೆಂದು ಲೋಹದಲ್ಲೇ ಅಚ್ಚು ಹಾಕಿ, ಮೇಲೆ ಬಣ್ಣ ಬಳಿಯುತ್ತಿದ್ದರು. ಮೊದಮೊದಲು ತಾಮ್ರದ ಹಿಡಿ, ಆಮೇಲೆ ಅಲ್ಯೂಮಿನಿಯಂ, ಯುದ್ಧದ ಕೊನೆಗೆ ಸಾಮಾನು ಸಿಗದೆ ಬರೀ ಮರ. ನಾನು ಮೊದಲು ಹೇಳಿದ ಮಂಕು ಕತ್ತಿ ಈ ಜಾತಿಯದು.

ಹೊರಗಿನಿಂದ ನೋಡುವುದು

ಅಸಲಿ ಅಧಿಕಾರಿ ಕತ್ತಿಯ ಲೋಹದ ಭಾಗಗಳ ಮೇಲೆ ಚೆರ್ರಿ ಹೂವಿನ ಅಲಂಕಾರ ಇರುತ್ತದೆ. ಹಿಡಿಗೂ ಅಲಗಿಗೂ ನಡುವಿನ ತಟ್ಟೆ, ಹಿಡಿಯ ತುದಿಯ ಟೊಪ್ಪಿ, ಒರೆಯ ಬಳೆಗಳು, ಎಲ್ಲದರ ಮೇಲೂ. ಭೂತಗನ್ನಡಿ ಹಿಡಿದು ಆ ಹೂವಿನ ದಳಗಳನ್ನು ನೋಡಿ. ಅಸಲಿಯಲ್ಲಿ ದಳದ ಅಂಚು ಚೂಪಾಗಿ, ಎಲೆಯ ನರ ಸಹಿತ ಕಾಣುತ್ತದೆ. ನಕಲಿಯಲ್ಲಿ ಬಿಸಿಲಿಗೆ ಕರಗಿದ ಪೇಡದ ಹಾಗೆ ಇರುತ್ತದೆ. ಕಾರಣ ಸರಳ. ನಕಲಿ ಮಾಡುವವರು ಅಸಲಿಯ ಅಚ್ಚು ತೆಗೆದು ಎರಕ ಹೊಯ್ಯುತ್ತಾರೆ, ಅಚ್ಚಿನ ಅಚ್ಚು ತೆಗೆದಷ್ಟೂ ವಿವರ ಮಾಸುತ್ತದೆ.

ಹಿಡಿಯ ಮೇಲೆ ಸುತ್ತಿದ ಪಟ್ಟಿಯ ಕೆಳಗೆ ಬಿಳಿಯದೊಂದು ಉಬ್ಬುಬ್ಬಾದ ಚರ್ಮ ಕಾಣಬೇಕು. ಅದು ತೊರಕೆ ಮೀನಿನ ಚರ್ಮ, ಮುಟ್ಟಿದರೆ ಸಬ್ಬಕ್ಕಿ ಸಂಡಿಗೆ ಸವರಿದಂತೆ. ಉಬ್ಬುಗಳು ಒಂದು ದೊಡ್ಡದು, ಒಂದು ಸಣ್ಣದು. ನಕಲಿಯಲ್ಲಿ ಸಾಮಾನ್ಯವಾಗಿ ಪ್ಲಾಸ್ಟಿಕ್ ಇರುತ್ತದೆ, ಎಲ್ಲ ಉಬ್ಬುಗಳೂ ಒಂದೇ ಅಳತೆ, ಸಾಲು ಸಾಲಾಗಿ. ಪ್ರಕೃತಿ ಹಾಗೆ ಸ್ಕೇಲ್ ಹಿಡಿದು ಕೆಲಸ ಮಾಡುವುದಿಲ್ಲ. ಪಟ್ಟಿ ಸುತ್ತಿದ ರೀತಿಯೂ ಮುಖ್ಯ. ಅಸಲಿಯಲ್ಲಿ ಬಿಗಿಯಾಗಿ, ನಡುವಿನ ವಜ್ರಾಕಾರದ ಕಿಟಕಿಗಳೆಲ್ಲ ಒಂದೇ ಅಳತೆಯಲ್ಲಿ ಇರುತ್ತವೆ. ನಕಲಿಯಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಪಟ್ಟಿ ಸರಿಯುತ್ತದೆ, ಅವಸರದಲ್ಲಿ ಕಟ್ಟಿದ ಶೂ ಲೇಸಿನ ಹಾಗೆ.

ಈಗ ಕತ್ತಿಯನ್ನು ಒರೆಯೊಳಗೇ ಇಟ್ಟು ಮೆಲ್ಲಗೆ ಅಲ್ಲಾಡಿಸಲು ದೊಡ್ಡವರಿಗೆ ಹೇಳಿ. ಲೊಡಲೊಡ ಸದ್ದು ಬಂದರೆ ಅನುಮಾನ ಪಡಿ. ಅಧಿಕಾರಿಗಳ ಲೋಹದ ಒರೆಯ ಒಳಗೆ ಮರದ ಇನ್ನೊಂದು ಒರೆ ಇರುತ್ತದೆ. ಅಲಗು ಅದರೊಳಗೆ ಸದ್ದಿಲ್ಲದೆ ಕೂರುತ್ತದೆ. ನಕಲಿಗಳಲ್ಲಿ ಎಷ್ಟೋ ಸಲ ಬರೀ ತಗಡು.

ಕುಚ್ಚಿನ ವಿಷಯ. ಭೂಸೇನೆಯಲ್ಲಿ ಕುಚ್ಚಿನ ಬಣ್ಣ ದರ್ಜೆಯನ್ನು ಹೇಳುತ್ತಿತ್ತು. ಕ್ಯಾಪ್ಟನ್‌ವರೆಗಿನವರಿಗೆ ನೀಲಿ ಕಂದು, ಮೇಜರ್‌ನಿಂದ ಕರ್ನಲ್‌ವರೆಗೆ ಕೆಂಪು ಕಂದು, ಜನರಲ್‌ಗಳಿಗೆ ಅದರೊಂದಿಗೆ ಚಿನ್ನದ ಬಣ್ಣವೂ. ನಮ್ಮ ಕಡೆ ಒಂದು ಮೇಳದಲ್ಲಿ ಒಬ್ಬರು ‘ಜನರಲ್ ಕತ್ತಿ’ ಎಂದು 400 ಪೌಂಡಿಗೆ ಒಂದನ್ನು ಮಾರಲು ಕೂತಿದ್ದರು. ಜನರಲ್ ಎನ್ನುವುದಕ್ಕೆ ಇದ್ದ ಆಧಾರ ಆ ಹಳದಿ ಕುಚ್ಚು ಒಂದೇ. ಕುಚ್ಚನ್ನು ಯಾರು ಬೇಕಾದರೂ ಬಿಚ್ಚಿ ಯಾವ ಕತ್ತಿಗೆ ಬೇಕಾದರೂ ಕಟ್ಟಬಹುದು. ನನ್ನ ಸ್ಕೂಲ್ ಬ್ಯಾಗಿಗೆ ಕಟ್ಟಿದರೆ ನಾನೂ ಜನರಲ್ಲೇ!

ಅಲಗು ಹೇಳುವ ಮಾತು

ಜಪಾನಿ ಕತ್ತಿಯ ಅಂಚಿನ ಉದ್ದಕ್ಕೂ ಮಂಜಿನಂಥ ಒಂದು ಬಿಳಿ ಗೆರೆ ಕಾಣುತ್ತದೆ. ಜಪಾನಿಗಳು ಅದನ್ನು ಹಮೋನ್ ಎನ್ನುತ್ತಾರೆ. ಅದು ಅಲಂಕಾರಕ್ಕೆ ಬರೆದದ್ದಲ್ಲ. ಕಮ್ಮಾರ ಅಲಗಿನ ಬೆನ್ನಿಗೆ ದಪ್ಪಗೆ, ಅಂಚಿಗೆ ತೆಳ್ಳಗೆ ಮಣ್ಣು ಮೆತ್ತಿ, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ನೀರಿಗೆ ಅದ್ದುತ್ತಾನೆ. ತೆಳ್ಳಗಿನ ಮಣ್ಣಿನ ಕಡೆ ಉಕ್ಕು ಒಮ್ಮೆಲೇ ತಣಿದು ತುಂಬ ಗಟ್ಟಿಯಾಗುತ್ತದೆ. ದಪ್ಪ ಮಣ್ಣಿನ ಕಡೆ ನಿಧಾನವಾಗಿ ತಣಿದು ಮೆದುವಾಗಿ ಉಳಿಯುತ್ತದೆ. ಅಂಚು ಗಟ್ಟಿ ಇದ್ದರೆ ಹರಿತ ನಿಲ್ಲುತ್ತದೆ, ಬೆನ್ನು ಮೆದು ಇದ್ದರೆ ಕತ್ತಿ ಮುರಿಯುವುದಿಲ್ಲ. ಎರಡು ಬಗೆಯ ಉಕ್ಕು ಸೇರುವ ಗಡಿಯೇ ಆ ಗೆರೆ. ಕೆಮಿಸ್ಟ್ರಿ ಕ್ಲಾಸಿನಲ್ಲಿ ನಿದ್ದೆ ಬರುವವರಿಗೆ ಇದನ್ನು ಹೇಳಬೇಕು.

ಯುದ್ಧದ ಸಮಯದಲ್ಲಿ ಇಷ್ಟೆಲ್ಲ ಮಾಡಲು ಪುರುಸೊತ್ತು ಎಲ್ಲಿ? ಗಿಫು ಪ್ರಾಂತದ ಸೆಕಿ ಎಂಬ ಊರು ಆಗ ಕತ್ತಿ ತಯಾರಿಕೆಯ ದೊಡ್ಡ ಕೇಂದ್ರ. ಅಲ್ಲಿ ಕಾರ್ಖಾನೆಯ ಉಕ್ಕನ್ನು ಬಳಸಿ, ನೀರಿನ ಬದಲು ಎಣ್ಣೆಗೆ ಅದ್ದಿ ಹದ ಹಾಕಿದ ಅಲಗುಗಳು ರಾಶಿ ರಾಶಿ ತಯಾರಾದವು. ಅವೂ ಅಸಲಿ ಸೈನ್ಯದ ಕತ್ತಿಗಳೇ, ಆದರೆ ಕುಲುಮೆಯ ಕಲೆ ಅಲ್ಲ. ಇದನ್ನು ಹೇಳಬೇಕಾಯಿತು, ಏಕೆಂದರೆ ‘ಅಸಲಿ ಸೈನ್ಯದ ಕತ್ತಿ’ ಮತ್ತು ‘ಕೈಯಿಂದ ಮಾಡಿದ ಸಾಂಪ್ರದಾಯಿಕ ಕತ್ತಿ’ ಎರಡನ್ನೂ ಒಂದೇ ಎಂದುಕೊಂಡು ಜನ ಗೊಂದಲಕ್ಕೆ ಬೀಳುತ್ತಾರೆ. ಜಪಾನಿನಲ್ಲಂತೂ ಇಂದು ಸಾಂಪ್ರದಾಯಿಕವಾಗಿ ಮಾಡಿದ ಕತ್ತಿಗೆ ಮಾತ್ರ ನೋಂದಣಿ ಪತ್ರ ಕೊಡುತ್ತಾರೆ. ಯಂತ್ರದ 95ನೇ ಮಾದರಿಯನ್ನು ಅಲ್ಲಿ ಇಟ್ಟುಕೊಳ್ಳುವಂತೆಯೇ ಇಲ್ಲ.

ನಕಲಿಯಲ್ಲಿ ಈ ಗೆರೆಯನ್ನು ಆಸಿಡ್‌ನಿಂದಲೋ, ತಂತಿ ಬ್ರಷ್‌ನಿಂದ ಉಜ್ಜಿಯೋ ಬರೆದಿರುತ್ತಾರೆ. ಕೋಣೆಯ ದೀಪಗಳನ್ನೆಲ್ಲ ಆರಿಸಿ, ಒಂದೇ ಒಂದು ಬಲ್ಬಿನ ಕೆಳಗೆ ಅಲಗನ್ನು ನಿಧಾನವಾಗಿ ಓರೆ ಮಾಡಿ ನೋಡಬೇಕು. ಅಸಲಿ ಗೆರೆ ಉಕ್ಕಿನ ಒಳಗಿನಿಂದ ಬಂದಂತೆ, ಕೋನ ಬದಲಾದಂತೆ ಮಿನುಗಿ ಮಾಯವಾಗುತ್ತದೆ. ಸಣ್ಣ ಸಣ್ಣ ಕಣಗಳು ಹೊಳೆಯುತ್ತವೆ. ನಕಲಿ ಗೆರೆ ಸೀಮೆಸುಣ್ಣದಲ್ಲಿ ಬರೆದಂತೆ ಮೇಲೆಯೇ ಕೂತಿರುತ್ತದೆ. ಅಲೆಗಳೂ ಒಂದರ ಹಾಗೇ ಇನ್ನೊಂದು, ಸೀರೆಯ ಅಂಚಿನ ಹಾಗೆ.

ಅಲಗಿನ ಮೇಲೆ ಕೆತ್ತಿದ ಅಕ್ಷರಗಳ ಬಗ್ಗೆ ಒಂದೇ ಮಾತು. ಕಮ್ಮಾರನ ಸಹಿ ಇರುವುದು ಹಿಡಿಯ ಒಳಗೆ ಅಡಗಿದ ಭಾಗದ ಮೇಲೆ. ಎಲ್ಲರಿಗೂ ಕಾಣುವ ಹಾಗೆ ಅಲಗಿನ ಮೇಲೆ ಚಕ್ರವರ್ತಿಗೆ ಜೈಕಾರ, ರೆಜಿಮೆಂಟಿನ ಹೆಸರು, ಡ್ರ್ಯಾಗನ್ ಎಲ್ಲ ಒಟ್ಟಿಗೆ ಕೆತ್ತಿ ಚಿನ್ನದ ಬಣ್ಣ ತುಂಬಿದ ಸೈನ್ಯದ ಕತ್ತಿ ಕಂಡರೆ ಮುಂದಿನ ಅಂಗಡಿಗೆ ಹೋಗಿ.

ಹಿಡಿಯೊಳಗಿನ ಗುಟ್ಟು

ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಅಧಿಕಾರಿ ಕತ್ತಿಯ ಹಿಡಿಯನ್ನು ಅಲಗಿಗೆ ಸೇರಿಸಿರುವುದು ಒಂದು ಸಣ್ಣ ಬಿದಿರಿನ ಮೊಳೆ, ಕೆಲವದರಲ್ಲಿ ಎರಡು. ಅದನ್ನು ಹೊರಕ್ಕೆ ತಳ್ಳಿದರೆ ಹಿಡಿ ಕಳಚುತ್ತದೆ. ಮಕ್ಕಳೇ, ಇದನ್ನು ನೀವು ಮಾಡಬೇಡಿ, ಗೊತ್ತಿರುವ ದೊಡ್ಡವರು ಮಾಡಲಿ. ಹಿಡಿ ಕಳಚಿದ ಕ್ಷಣದಲ್ಲಿ ಅದು ಹಿಡಿಯೇ ಇಲ್ಲದ ಹರಿತವಾದ ಕಬ್ಬಿಣ. ಹಿಡಿ ಕಳಚುವುದೇ ಇಲ್ಲ, ಅಂಟು ಹಾಕಿದ್ದಾರೆ ಅಥವಾ ತುದಿಯಲ್ಲಿ ನಟ್ಟು ಬಿಗಿದಿದ್ದಾರೆ ಎಂದಾದರೆ, ಅಧಿಕಾರಿ ಕತ್ತಿಯ ಮಟ್ಟಿಗೆ ಅದು ಕೆಟ್ಟ ಲಕ್ಷಣ.

ಒಳಗೆ ಕಾಣುವ ಭಾಗಕ್ಕೆ ನಕಾಗೊ ಎಂದು ಹೆಸರು. ಕಮ್ಮಾರರು ಅದಕ್ಕೆ ಎಂದೂ ಹೊಳಪು ಕೊಡುವುದಿಲ್ಲ. ಅರದಿಂದ ಒಂದೇ ಓರೆಯಲ್ಲಿ ಗೀರಿ, ತುಕ್ಕಿಗೆ ಬಿಟ್ಟುಬಿಡುತ್ತಾರೆ. ನಿಮ್ಮ ಮನೆಯ ಹಳೆಯ ದೋಸೆ ಹೆಂಚನ್ನು ನೆನಪಿಸಿಕೊಳ್ಳಿ. ವರ್ಷಾನುಗಟ್ಟಲೆ ಬಳಸಿದ ಹೆಂಚು ನುಣುಪಾಗಿ ಕಪ್ಪಾಗಿರುತ್ತದೆ. ಮಳೆಯಲ್ಲಿ ಒಂದು ವಾರ ಬಿಟ್ಟ ಹೆಂಚು ಕಿತ್ತಳೆ ಬಣ್ಣಕ್ಕೆ ತಿರುಗಿ ಪುಡಿ ಉದುರುತ್ತದೆ. ಶತಮಾನಗಳ ನಕಾಗೊ ಮೊದಲನೆಯ ಬಗೆ. ಆಸಿಡ್ ಸುರಿದು ಮುದುಕ ಮಾಡಿದ ನಕಲಿ ಎರಡನೆಯ ಬಗೆ. ಇನ್ನೊಂದು ಸೂಕ್ಷ್ಮವಿದೆ. ಯುದ್ಧಕಾಲದ ಅಲಗಿಗೆ ಈಗ ಸುಮಾರು 80 ವರ್ಷ. ಅದು ಬೂದು ಕಂದು ಬಣ್ಣದಲ್ಲಿ, ಅರದ ಗೆರೆಗಳು ಇನ್ನೂ ಚೆನ್ನಾಗಿ ಕಾಣುವಂತೆ ಇರಬೇಕು. 1943 ಎಂದು ತಾರೀಕು ಹಾಕಿಕೊಂಡು, 500 ವರ್ಷ ಮಣ್ಣಲ್ಲಿ ಹೂತಿದ್ದಂತೆ ಗುಳಿ ಬಿದ್ದಿದ್ದರೆ ಯಾರೋ ವಯಸ್ಸನ್ನು ಅತಿಯಾಗಿ ಹಚ್ಚಿದ್ದಾರೆ ಎಂದು ಅರ್ಥ.

ತಾರೀಕು ಎಂದ ಕೂಡಲೇ ಇನ್ನೊಂದು ಲೆಕ್ಕ. ಆ ಕಾಲದ ಚಕ್ರವರ್ತಿಯ ಯುಗಕ್ಕೆ ಶೋವಾ ಎಂದು ಹೆಸರು. ಶೋವಾ ವರ್ಷಕ್ಕೆ 1925 ಕೂಡಿಸಿದರೆ ಇಸವಿ ಬರುತ್ತದೆ. ಶೋವಾ 18 ಎಂದರೆ 1943. ಯುದ್ಧ ಮುಗಿದದ್ದು ಶೋವಾ 20ರಲ್ಲಿ. ಜಪಾನಿ ಅಂಕಿಗಳನ್ನು ಒಂದರಿಂದ ಹತ್ತರವರೆಗೆ ಕಲಿಯಲು ಒಂದು ಸಂಜೆ ಸಾಕು. ಕನ್ನಡ ಒತ್ತಕ್ಷರ ಕಲಿತ ನಮಗೆ ಅದೇನು ಮಹಾ? ಅಷ್ಟು ಕಲಿತರೆ ಶೋವಾ 27 ಎಂದು ಬರೆದ ‘ಯುದ್ಧದ ಕತ್ತಿ’ಯನ್ನು ನೀವೇ ಹಿಡಿಯಬಹುದು. ಸಹಿಯ ವಿಷಯದಲ್ಲೂ ಅಷ್ಟೇ. ಅಸಲಿ ಸಹಿ ಉಳಿಯಿಂದ ಚಿಕ್ಕ ಚಿಕ್ಕ ಏಟು ಹಾಕಿ ಕೆತ್ತಿದ್ದು, ಪ್ರತಿ ಗೆರೆಯಲ್ಲೂ ಕೈಯ ಧೈರ್ಯ ಕಾಣುತ್ತದೆ. ನಕಲಿಯಲ್ಲಿ ಅಕ್ಷರ ಬಾರದವರು ಚಿತ್ರ ನೋಡಿ ಬರೆದಂತೆ ಇರುತ್ತದೆ. ಒಂದನೇ ತರಗತಿಯ ಮಗು ‘ಕ್ಷ’ ಬರೆಯುವುದನ್ನು ನೋಡಿದ್ದೀರಲ್ಲ, ಹಾಗೆ.

ಸಹಿಯ ಪಕ್ಕದಲ್ಲಿ ಕೆಲವೊಮ್ಮೆ ಸಣ್ಣ ಮುದ್ರೆ ಇರುತ್ತದೆ. ಸೆಕಿಯ ತಪಾಸಣೆಯ ಮುದ್ರೆ ಇದ್ದರೆ ಸಾಮಾನ್ಯವಾಗಿ ಅದು ಕಾರ್ಖಾನೆಯ ಉಕ್ಕಿನ ಅಲಗು. ನಕ್ಷತ್ರದ ಮುದ್ರೆ ಇದ್ದರೆ ಭೂಸೇನೆ ಮಾನ್ಯ ಮಾಡಿದ ಕಮ್ಮಾರ ಮಾಡಿದ್ದು. ಇದರ ಬೆಲೆ ಹೆಚ್ಚು, ಆದ್ದರಿಂದ ನಕಲಿ ನಕ್ಷತ್ರವೂ ಹೆಚ್ಚು.

ನಕಲಿ ಮಾಡುವವರು ತಲೆ ಕೆಡಿಸಿಕೊಳ್ಳದ ಒಂದು ಜಾಗ ಇದೆ. ನನಗೆ ತುಂಬ ಇಷ್ಟವಾದ ಪರೀಕ್ಷೆ ಇದು. ಹಿಡಿ ಮತ್ತು ಅಲಗಿನ ನಡುವೆ ತಟ್ಟೆಯ ಎರಡೂ ಕಡೆ ತೆಳುವಾದ ಹಿತ್ತಾಳೆ ಬಿಲ್ಲೆಗಳು ಇರುತ್ತವೆ. ಅವುಗಳನ್ನು ಆ ಒಂದು ಕತ್ತಿಗೆಂದೇ ಕೂರಿಸಿರುತ್ತಿದ್ದರಿಂದ, ಬೆರೆತು ಹೋಗದಿರಲಿ ಎಂದು ಸಾಮಾನ್ಯವಾಗಿ ಪ್ರತಿಯೊಂದರ ಮೇಲೂ ಒಂದೇ ಪುಟ್ಟ ಸಂಖ್ಯೆ ಒತ್ತುತ್ತಿದ್ದರು. ಬಿಲ್ಲೆಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದಾಗ ಎಲ್ಲದರ ಮೇಲೂ ಒಂದೇ ಅಂಕಿ ಕಂಡರೆ, 80 ವರ್ಷದ ಹಿಂದೆ ಯಾವುದೋ ಬೆಂಚಿನ ಮುಂದೆ ಕೂತು ಕೆಲಸ ಮಾಡಿದವನ ಕೈ ನಿಮಗೆ ಕಂಡ ಹಾಗೆ.

ಸುಂದರವಲ್ಲದ ಅಸಲಿ

ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬ ಇಂಗ್ಲಿಷ್ ಅಜ್ಜಿ ಇದ್ದಾರೆ. ಅವರ ತಂದೆ ಬರ್ಮಾದಲ್ಲಿ ಹದಿನಾಲ್ಕನೇ ಸೇನೆಯಲ್ಲಿದ್ದವರು. ಮನೆ ಬದಲಾಯಿಸುವಾಗ ಅಟ್ಟದಲ್ಲಿ ಒಂದು ಕತ್ತಿ ಸಿಕ್ಕಿತು. ಅವರ ಮಗ ನೋಡಿ, ಅಲ್ಯೂಮಿನಿಯಂ ಹಿಡಿ, ಬಣ್ಣ ಬಳಿದದ್ದು, ಅಲಗಿನಲ್ಲಿ ಯಂತ್ರ ಕೊರೆದ ಕಾಲುವೆ, ಇದು ಆಟಿಕೆಯ ಹಾಗಿದೆ, ನಕಲಿ, ಪೊಲೀಸರ ಚಾಕು ಡಬ್ಬಿಗೆ ಹಾಕಿಬಿಡೋಣ ಎಂದರಂತೆ. ಅಜ್ಜಿಗೆ ನನ್ನ ಹುಚ್ಚಿನ ವಿಷಯ ಅಮ್ಮನಿಂದ ಗೊತ್ತಿತ್ತು. ಅಪ್ಪನ ಜೊತೆ ಹೋದೆ.

ಅಲಗನ್ನು ಹೊರಗೆ ತೆಗೆದದ್ದು ಅಪ್ಪ. ಹಿಡಿಯ ಹತ್ತಿರ ಅಂಕಿಗಳು ನೇರವಾಗಿ, ಒಂದೇ ಎತ್ತರದಲ್ಲಿ ಒತ್ತಿದ್ದವು. ಒರೆಯ ಮೇಲೂ ಅದೇ ಸಂಖ್ಯೆ. ಸಂಖ್ಯೆ ಹೊಂದಿದ ಮಾತ್ರಕ್ಕೆ ಅಸಲಿ ಆಗುವುದಿಲ್ಲ, ನಕಲಿಯವರೂ ಒಂದೇ ಸಂಖ್ಯೆ ಒತ್ತಬಲ್ಲರು. ಆದರೆ ಅವರ ಅಂಕಿಗಳು ಒಂದು ಮೇಲೆ ಒಂದು ಕೆಳಗೆ, ಕುಡಿದವರ ಹಾಗೆ ನಿಂತಿರುತ್ತವೆ. ಇಲ್ಲಿ ಹಾಗಿರಲಿಲ್ಲ. ಹಿಡಿಯ ಬುಡದ ಬಳೆಯ ಮೇಲೆ ಸೈನ್ಯದ ತಪಾಸಣೆ ಮುದ್ರೆಗಳು ಇದ್ದವು. ಹಿಡಿಯ ಪಕ್ಕದ ಚಿಲಕ ಒತ್ತಿದಾಗ ಇಂದಿಗೂ ‘ಟಕ್’ ಎಂದು ಸದ್ದು ಮಾಡಿ ಬಿಟ್ಟಿತು. ಬಣ್ಣ ಎದ್ದುಹೋಗಿದ್ದದ್ದು ಕೈ ಹಿಡಿಯುವ ಜಾಗದಲ್ಲೇ ಹೆಚ್ಚು. ಹಳೆಯದಾಗಿ ಕಾಣಲೆಂದು ಉಜ್ಜಿದ್ದರೆ ಎಲ್ಲ ಕಡೆಯೂ ಒಂದೇ ಸಮ ಹೋಗಿರುತ್ತಿತ್ತು. ಮಗ ನಕಲಿ ಎನ್ನಲು ಕೊಟ್ಟ ಕಾರಣಗಳೆಲ್ಲ 95ನೇ ಮಾದರಿಯ ಲಕ್ಷಣಗಳೇ. ಫೋಟೋಗಳನ್ನು ತಿಳಿದವರಿಗೆ ಕಳಿಸಿದಾಗ ಅವರೂ ಹಾಗೇ ಹೇಳಿದರು.

ಅಜ್ಜಿಗೆ ಬೆಲೆ ಎಷ್ಟು ಎನ್ನುವುದು ಬೇಕಿರಲಿಲ್ಲ. ‘ಹಾಗಾದರೆ ಅಪ್ಪ ಹೇಳಿದ್ದು ನಿಜ’ ಎಂದರು. ಅವರ ತಂದೆ ಯುದ್ಧದ ಬಗ್ಗೆ ಹೇಳುತ್ತಿದ್ದದ್ದೇ ಕಡಿಮೆಯಂತೆ. ಈ ಕತ್ತಿಯ ವಿಷಯ ಹೇಳಿದ್ದರು, ಅದನ್ನು ಮನೆಯಲ್ಲಿ ಯಾರೂ ಅಷ್ಟಾಗಿ ನಂಬಿರಲಿಲ್ಲ.

ರಕ್ತದ ಕಥೆಗಳು

ಮಾರುವವರು ಕತ್ತಿಯ ಜೊತೆ ಕಥೆಯನ್ನೂ ಮಾರುತ್ತಾರೆ. ಇಷ್ಟು ಜನರ ತಲೆ ಕಡಿದ ಕತ್ತಿ, ಅಲಗಿನ ಮೇಲಿನ ಕಲೆ ರಕ್ತದ್ದು ಹೀಗೆ. ಇದು ನನಗೆ ಸಿಟ್ಟು ಬರಿಸುವ ವಿಷಯ. ಆಗ್ನೇಯ ಏಷ್ಯಾದಲ್ಲಿ ಜಪಾನಿ ಸೈನ್ಯದ ಕೈಯಲ್ಲಿ ಊರಿನ ಜನ, ಯುದ್ಧ ಕೈದಿಗಳು ನಿಜವಾಗಿಯೂ ಸತ್ತರು. ಆ ಕೈದಿಗಳಲ್ಲಿ ಭಾರತೀಯ ಸೈನಿಕರೂ ಸಾವಿರಾರು ಮಂದಿ ಇದ್ದರು. ಅವರ ಸಾವನ್ನು ಮೊನ್ನೆ ಮೊನ್ನೆ ಕಾರ್ಖಾನೆಯಿಂದ ಬಂದ ತಗಡಿಗೆ ಅಂಟಿಸಿ 50 ಪೌಂಡ್ ಹೆಚ್ಚಿಗೆ ಕೇಳುವುದು ವ್ಯಾಪಾರವಲ್ಲ. ಅಂಕಲ್ ಆಂಟಿಯರೇ, ಅಂಥ ಕಥೆ ಹೇಳಿದರೆ ಕತ್ತಿಯನ್ನು ನೋಡುವ ಮೊದಲೇ ‘ಬೇಡ’ ಎಂದುಬಿಡಿ.

ಅಸಲಿ ಕತ್ತಿಗಳು ಹೇಳುವ ಕಥೆ ಇದಕ್ಕಿಂತ ಮೆಲ್ಲಗಿನದು. ಶರಣಾಗುವಾಗ ಕೆಲವು ಅಧಿಕಾರಿಗಳು ತಮ್ಮ ಹೆಸರು ಬರೆದ ಮರದ ಅಥವಾ ಬಟ್ಟೆಯ ಚೀಟಿಯನ್ನು ಹಿಡಿಗೆ ಕಟ್ಟಿ ಕೊಟ್ಟರು, ಎಂದಾದರೂ ವಾಪಸು ಬರಬಹುದು ಎಂಬ ಆಸೆ ಇದ್ದಿರಬೇಕು. ಅಂಥ ಚೀಟಿ ಕಂಡರೆ ಕಸ ಎಂದು ಕಿತ್ತು ಬಿಸಾಡಬೇಡಿ.

ವಾಪಸು ಹೋದ ಕತ್ತಿಗಳೂ ಇವೆ. ಅಮೆರಿಕದ ಸಂಗ್ರಾಹಕ ಡಾ. ವಾಲ್ಟರ್ ಕಾಂಪ್ಟನ್ ಅವರಿಗೆ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಒಂದು ಕತ್ತಿ, ಕುನಿಮುನೆ ಎಂಬ ಕಮ್ಮಾರ ಮಾಡಿದ ಜಪಾನಿನ ರಾಷ್ಟ್ರೀಯ ನಿಧಿ ಎಂದು ತಿಳಿಯಿತು. ಅವರು ಒಂದು ಪೈಸೆ ತೆಗೆದುಕೊಳ್ಳದೆ 1963ರಲ್ಲಿ ಅದನ್ನು ಕಾಗೋಶಿಮಾದ ತೆರುಕುನಿ ದೇಗುಲಕ್ಕೆ ಮರಳಿಸಿದರು. ಇನ್ನೊಂದು, ಹೊಂಜೋ ಮಸಾಮುನೆ ಎಂಬ ಅತಿ ಪ್ರಸಿದ್ಧ ಕತ್ತಿ. ತೊಕುಗಾವಾ ಮನೆತನದವರು ಅದನ್ನು 1945ರ ಕೊನೆಯಲ್ಲಿ ಟೋಕಿಯೋದ ಪೊಲೀಸ್ ಠಾಣೆಗೆ ಒಪ್ಪಿಸಿದ ಮೇಲೆ ಇಂದಿಗೂ ಪತ್ತೆಯಿಲ್ಲ. ಯಾರ ಅಟ್ಟದಲ್ಲಿದೆಯೋ!

ನಿಮ್ಮ ಪರಿಚಯದವರ ಮನೆಯಲ್ಲಿ ಇಂಥದ್ದು ಸಿಕ್ಕರೆ ಹೀಗೆ ಮಾಡಲು ಹೇಳಿ. ಅಲಗಿಗೆ ಬೆರಳು ತಾಗಿಸಬಾರದು, ಬೆವರಿಗೆ ತುಕ್ಕು ಹಿಡಿಯುತ್ತದೆ. ಮರಳು ಕಾಗದ, ಹುಣಸೆಹಣ್ಣು, ನಿಂಬೆಹಣ್ಣು, ಪೀತಾಂಬರಿ ಯಾವುದೂ ಬೇಡ. ದೇವರ ದೀಪ ಉಜ್ಜಿದ ಹಾಗೆ ನಕಾಗೊ ಉಜ್ಜಿದರೆ, ಶತಮಾನಗಳ ಸಾಕ್ಷಿ ಹತ್ತು ನಿಮಿಷದಲ್ಲಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಪೂರ್ತಿ ಕತ್ತಿ, ಒರೆ, ಹಿಡಿಯ ಎರಡೂ ಬದಿ, ಅಲಗಿನ ಮೊನೆ, ಅಂಕಿಗಳು, ಹಿಡಿ ಕಳಚಲು ಬಲ್ಲವರಿದ್ದರೆ ನಕಾಗೊದ ಎರಡೂ ಬದಿ, ಇಷ್ಟನ್ನೂ ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಇಲ್ಲಿ ಟೋ-ಕೆನ್ ಸೊಸೈಟಿ ಆಫ್ ಗ್ರೇಟ್ ಬ್ರಿಟನ್ ಎಂಬ ಜಪಾನಿ ಕತ್ತಿ ಆಸಕ್ತರ ಸಂಘವಿದೆ. ಅಂಥವರಿಗೆ ತೋರಿಸಿದರೆ ನೋಟದಲ್ಲೇ ಬಹಳಷ್ಟು ಹೇಳುತ್ತಾರೆ. ಅಸಲಿಗಳನ್ನು ಕಣ್ಣಾರೆ ನೋಡಿ ಅಭ್ಯಾಸ ಮಾಡಿಕೊಳ್ಳಲು ಲೀಡ್ಸ್‌ನ ರಾಯಲ್ ಆರ್ಮರೀಸ್, ಲಂಡನ್‌ನ ಬ್ರಿಟಿಷ್ ಮ್ಯೂಸಿಯಂ ಇವೆ. ಎರಡಕ್ಕೂ ಟಿಕೆಟ್ ಇಲ್ಲ. ಗಾಜಿನ ಮುಂದೆ ಮಂಡಿಯೂರಿ, ದೀಪದ ಬೆಳಕು ಹಮೋನ್ ಮೇಲೆ ಹರಿಯುವ ಕೋನ ಸಿಗುವ ತನಕ ತಲೆಯನ್ನು ಅತ್ತಿತ್ತ ಆಡಿಸಿ. ಸುತ್ತಲಿನವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.